ಇಂಕಾ ದಾರಿಗೆ ಹೊರಡುವ ಮೈಸೂರಿನ ಯಾತ್ರಾ ತಂಡಗಳಿಗೆ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ರೂಢಿಯಿದೆ, ಪೆರು ದೇಶದ ಬೆಟ್ಟದ ಮೇಲಿನ ಹಳೆಯ ಇಂಕಾ ನೆಲೆ ಮಾಚು ಪಿಚು ಏನು ಮಹಾ ಅನ್ನುವವರು ಒಂದು ಲೆಕ್ಕ ನೋಡಬೇಕು. ನಮ್ಮ ಬೆಟ್ಟದ ಬುಡದಿಂದ ತುದಿಗೆ ಏರುವುದು ಸುಮಾರು 300 ಮೀಟರ್. ಮಾಚು ಪಿಚುವಿಗೆ ನಡೆದು ಹೋಗುವ ಇಂಕಾ ದಾರಿಯ ಎರಡನೇ ದಿನ ವೈಯಾಬಾಂಬಾದ 3,000 ಮೀಟರಿನಿಂದ ವಾರ್ಮಿವಾನ್ಯುಸ್ಕಾ ಘಾಟಿಯ 4,215 ಮೀಟರಿಗೆ ಹತ್ತಬೇಕು. ಅಂದರೆ ಒಂದರ ಮೇಲೊಂದು ನಾಲ್ಕು ಚಾಮುಂಡಿ. ಆ ತುದಿಯಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಮೈಸೂರಿನಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು.

ಆದರೆ ನಮ್ಮ ಕಡೆಯವರನ್ನು ಕೆಡವುವುದು ಏರಲ್ಲ, ಇಳಿತ. ಘಾಟಿ ದಾಟಿದ ಮೇಲೆ ಅದೇ ದಿನ ಪಕಾಯ್‌ಮಾಯೊ ಬಿಡಾರದವರೆಗೆ ಸುಮಾರು 600 ಮೀಟರ್ ಕಲ್ಲಿನ ಮೆಟ್ಟಿಲಿಳಿಯಬೇಕು. ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಮೊಣಕಾಲೆತ್ತರ. ಮಳೆ ಬಿದ್ದರೆ ಜಾರುತ್ತವೆ. ಮೈಸೂರಿನಲ್ಲಿ ಹತ್ತುವವರು ಬಹಳ, ದೇವಸ್ಥಾನದ ಹತ್ತಿರ ಬಸ್ ಹಿಡಿದು ವಾಪಸಾಗುವವರೂ ಅಷ್ಟೇ. ಆ ಬಸ್ಸನ್ನು ಬಿಡಿ. ಹೊರಡುವ ಮೂರು ತಿಂಗಳ ಮೊದಲಿಂದ ವಾರಕ್ಕೊಮ್ಮೆ, ಬೆನ್ನಿಗೆ 5-6 ಕಿಲೋ ಹಾಕಿಕೊಂಡು ಎರಡು ಸಲ ಹತ್ತಿ, ಎರಡು ಸಲವೂ ನಡೆದೇ ಇಳಿಯಿರಿ. ತೊಡೆಯ ಮುಂಭಾಗ ನೋಯಬೇಕು, ಮಂಡಿ ನೋಯಬಾರದು. ಮಂಡಿ ನೋವು ಬಂದರೆ ಹೆಜ್ಜೆ ಧೊಪ್ಪೆಂದು ಬೀಳುತ್ತಿದೆ ಎಂದರ್ಥ. ಶೂ ಅರ್ಧ ಸೈಜು ದೊಡ್ಡದಿರಲಿ, ಇಳಿಯುವ ಮುಂಚೆ ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಿ, ಉಗುರು ಕತ್ತರಿಸಿ. ಇಲ್ಲದಿದ್ದರೆ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಊರುಗೋಲಿನ ತುದಿಗೆ ರಬ್ಬರ್ ಕಡ್ಡಾಯ.

ಎತ್ತರಕ್ಕೆ ಮಾತ್ರ ಬೆಟ್ಟದ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ. ರಾಜಧಾನಿ ಲಿಮಾದಿಂದ ಹಾರಿ 3,400 ಮೀಟರಿನ ಕುಸ್ಕೊ ನಗರದಲ್ಲಿ ಇಳಿದವರು ಅಲ್ಲೇ ಮಲಗುವ ಬದಲು 2,800ರ ಒಯಾಂಟಾಯ್ಟಂಬೊಗೆ ಇಳಿದು ಎರಡು ರಾತ್ರಿ ಕಳೆಯುವುದು ಮೇಲು. ಎತ್ತರದ ಕಾಯಿಲೆ ತಡೆಯುವ ಅಸಿಟಜೋಲಮೈಡ್ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ಕುಳಿತಲ್ಲೇ ಏದುಸಿರು, ಕೆಮ್ಮು, ನಡೆಯುವಾಗ ತೂರಾಟ ಕಂಡರೆ ಚರ್ಚೆ ಬೇಡ, ಕೆಳಗಿಳಿಸಿ. ಯೋಗದ ಊರಿನವರಿಗೆ ಹೇಳಲೇಬೇಕಾದ್ದು: ಅಲ್ಲಿ ಕುಂಭಕ ಬೇಡ, ಇರುವ ಆಮ್ಲಜನಕವೇ ಕಡಿಮೆ. ಏಕಾದಶಿ ಎರಡನೇ ದಿನವೇ ಬಿದ್ದರೆ ಉಪವಾಸವನ್ನೂ ಬಿಡಿ. ಹತ್ತುವಾಗ ಭಜನೆಯೂ ಬೇಡ. ಮಾತಾಡುತ್ತಾ ನಡೆಯಲು ಆಗುವ ವೇಗವೇ ಸರಿಯಾದ ವೇಗ, ಹಾಡುವಷ್ಟು ಉಸಿರು ಯಾರಿಗೂ ಉಳಿಯುವುದಿಲ್ಲ.

ಪರವಾನಗಿ ದಿನಕ್ಕೆ 500 ಮಂದಿಗೆ, ಅದರಲ್ಲಿ ಗೈಡು, ಅಡುಗೆಯವರು, ಹೊರೆಯಾಳುಗಳೂ ಸೇರಿರುವುದರಿಂದ ಯಾತ್ರಿಕರಿಗೆ ಉಳಿಯುವುದು ಅರ್ಧಕ್ಕೂ ಕಡಿಮೆ. ಒಂದು ತಂಡದಲ್ಲಿ 16 ಜನಕ್ಕಿಂತ ಹೆಚ್ಚಿಲ್ಲ. ಟಿಕೆಟ್ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ಬರುತ್ತದೆ, ಒಬ್ಬರು ಹಿಂದೆ ಸರಿದರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ಹಾಕಲಾಗದು. ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ. ಮೇಯಿಂದ ಸೆಪ್ಟೆಂಬರ್ ಒಣ ಕಾಲ.

ಪೂಜೆಯ ವಿಷಯಕ್ಕೆ ಬಂದರೆ, ಆಂಡಿಸ್ ಜನರಿಗೆ ಶಿಖರಗಳೇ ದೇವರು, ಅಪು. ಮೂರು ಒಳ್ಳೆಯ ಕೋಕಾ ಎಲೆಗಳನ್ನು ಬೆರಳಲ್ಲಿ ಬೀಸಣಿಗೆಯಂತೆ ಹಿಡಿದು, ಶಿಖರದ ಕಡೆ ಮೆಲ್ಲಗೆ ಊದಿ ಭೂತಾಯಿ ಪಚಮಾಮಾಳನ್ನು ನೆನೆಯುವುದು ಅವರ ಕ್ರಮ. ಮಾದಪ್ಪನ ಬೆಟ್ಟ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ಥಳೀಯ ಗೈಡ್ ಮಾಡಿಸಿದರೆ ಮಾಡಿ, ನಿಮ್ಮದನ್ನು ಸೇರಿಸಬೇಡಿ. ಕರ್ಪೂರ, ಊದಿನಕಡ್ಡಿ ಹಚ್ಚುವಂತಿಲ್ಲ. ಕಲ್ಲಿಗೆ ಕುಂಕುಮವಂತೂ ಬೇಡವೇ ಬೇಡ. ಮಾಚು ಪಿಚುವಿನಲ್ಲಿ ಇಂಕಾಗಳು ಕೆತ್ತಿದ ಪವಿತ್ರ ಇಂತಿವಾತಾನಾ ಕಲ್ಲನ್ನು ಮುಟ್ಟಿದರೆ ಶಕ್ತಿ ಬರುತ್ತದೆಂದು ಕೈ ಚಾಚುವವರಿದ್ದಾರೆ, ಅದೂ ನಿಷಿದ್ಧ. 2000ರಲ್ಲಿ ಬಿಯರ್ ಜಾಹೀರಾತಿನ ಚಿತ್ರೀಕರಣದಲ್ಲಿ ಕ್ರೇನ್ ಬಿದ್ದು ಆ ಕಲ್ಲಿನ ಒಂದು ಚೂರು ಹಾರಿಹೋಯಿತು. ತಾಳ, ಡೋಲಕ್ ಒಳಗೆ ಬಿಡುವುದಿಲ್ಲ.

ವಾಪಸು ಬರುವಾಗಿನ ಎರಡು ಎಡವಟ್ಟು. ಪೆರು ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಅಧಿಕೃತ ಕೇಂದ್ರದಲ್ಲಿ ಲಸಿಕೆ ಹಾಕಿಸಿ ಕಾರ್ಡ್ ಇಟ್ಟುಕೊಳ್ಳದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕ ವಾಸಕ್ಕೆ ಕಳಿಸಬಹುದು. ಅರವತ್ತು ದಾಟಿದವರು ಈ ಲಸಿಕೆಗೆ ಮೊದಲು ವೈದ್ಯರ ಮಾತು ಕೇಳಲೇಬೇಕು. ಇನ್ನು ಪೆರುವಿನಲ್ಲಿ ಬೀದಿಬೀದಿಯಲ್ಲಿ ಸಿಗುವ ಕೋಕಾ ಎಲೆ ಇಲ್ಲಿ ಮಾದಕ ವಸ್ತು ಕಾನೂನಿನಡಿ ಬರುತ್ತದೆ. ಪ್ರಸಾದ ಅಂತ ಒಂದೆಲೆ ಕೂಡ ಜೇಬಲ್ಲಿ ಬೇಡ, ಅದರ ಚಹಾ ಪೊಟ್ಟಣವೂ ಬೇಡ.