ಮರಗಸಿಗೆ ಮೊದಲು ಎಲೆಯ ಲೆಕ್ಕ

ಕಾಫಿ ತೋಟದ ನೆರಳುಮರಗಳ ಕೊಂಬೆ ಸವರುವುದೇ ಮರಗಸಿ. ಚಿಕ್ಕಮಗಳೂರು ಕಡೆ ಏಪ್ರಿಲ್ ಮಧ್ಯಾಹ್ನ ಬಯಲಿಗೆ ಬೀಳುವ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಅರೇಬಿಕಾ ಕಾಫಿಯ ಎಲೆಗೆ ಅದರ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಸಾಕು. ಅದರಾಚೆ ಎಷ್ಟು ಬಿಸಿಲು ಬಿದ್ದರೂ ಸಕ್ಕರೆ ಜಾಸ್ತಿಯಾಗುವುದಿಲ್ಲ. ಆದರೂ ಪತ್ರಹರಿತ್ತು ಬೆಳಕು ಹೀರುತ್ತಲೇ ಇರುತ್ತದೆ. ತೊಂದರೆ ಇರುವುದೇ ಇಲ್ಲಿ.

ಹೀರಿದ ಶಕ್ತಿ ಖರ್ಚಾಗಬೇಕು. ಸಕ್ಕರೆ ತಯಾರಿಗೆ ಇಂಗಾಲದ ಡೈಆಕ್ಸೈಡ್ ಬೇಕು. ಒಣಗಾಳಿ ಬೀಸಿತೆಂದರೆ, ಬುಡದಲ್ಲಿ ತೇವ ಇದ್ದರೂ, ಕಾಫಿ ಎಲೆ ಆ ಅನಿಲ ಒಳಬರುವ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಎಲೆಯಲ್ಲಿ ಬೆಳಕು ಹಿಡಿಯುವ ಪುಟ್ಟ ಚೀಲಗಳಾದ ಥೈಲಕಾಯ್ಡ್ ಒಳಗೆ ಆಮ್ಲತೆ ಏರಿ, ವಯೊಲಾಕ್ಸಾಂಥಿನ್ ಎಂಬ ಹಳದಿ ವರ್ಣದ್ರವ್ಯ ಜಿಯಾಕ್ಸಾಂಥಿನ್ ಆಗಿ ಬದಲಾಗುತ್ತದೆ, ಮಿಕ್ಕ ಶಕ್ತಿ ಶಾಖವಾಗಿ ಹೊರಬೀಳುತ್ತದೆ. ಅದೂ ಸಾಲದಿದ್ದರೆ ಬೆಳಕಿನ ಶಕ್ತಿ ಬಳಸುವ ಯಂತ್ರದಂತಿರುವ ದ್ಯುತಿವ್ಯವಸ್ಥೆ-2ರ ಡಿ1 ಪ್ರೋಟೀನ್ ಕೆಡುತ್ತದೆ. ಎಲೆ ಅದನ್ನು ದಿನವೂ ಹೊಸದಾಗಿ ಕಟ್ಟುತ್ತದೆ. ಕೆಡುವ ವೇಗ ಕಟ್ಟುವ ವೇಗವನ್ನು ಮೀರಿದರೆ ಎಲೆ ಹಳದಿಯಾಗಿ, ಸುಟ್ಟ ಮಚ್ಚೆ ಬೀಳುತ್ತದೆ. ಇದನ್ನು ಸಾರಜನಕದ ಕೊರತೆ ಎಂದು ಯೂರಿಯಾ ಚೆಲ್ಲುವವರೇ ಹೆಚ್ಚು. ಅದೇ ರೆಕ್ಕೆಯಲ್ಲಿ (ಅಡ್ಡಕೊಂಬೆಯಲ್ಲಿ) ನೆರಳಿಗೆ ಸಿಕ್ಕ ಹಳೆ ಎಲೆ ಹಸಿರಾಗಿದ್ದರೆ ಅದು ಬಿಸಿಲಿನ ಕೆಲಸ.

ನೆರಳಲ್ಲಿ ಬಲಿತ ಎಲೆ ತೆಳು. ಬೆಳಕು ಹಿಡಿಯುವ ಸಾಮಗ್ರಿ ಅದರಲ್ಲಿ ಜಾಸ್ತಿ, ಮಿಕ್ಕದ್ದನ್ನು ಶಾಖವಾಗಿ ಬಿಡುವ ಸಾಮರ್ಥ್ಯ ಕಡಿಮೆ. ಬಿಸಿಲಿಗೆ ಪೂರ್ತಿ ಹೊಂದಿಕೊಳ್ಳುವುದು ಬಿಸಿಲಲ್ಲೇ ಮೂಡಿದ ಹೊಸ ಚಿಗುರು. ಕೊಯ್ಲು ಮುಗಿದು ಆಳು ಸಿಕ್ಕರೆಂದು ಫೆಬ್ರವರಿಯಲ್ಲೇ ನೆರಳಿನ ಹಾಲುವಾಣ ಮರ ಬೋಳಿಸಿದರೆ ಗಿಡ ಒದ್ದಾಡುವುದು ಅದಕ್ಕೇ. ಹೂಮಳೆ ಆಗಿ, ಮುಂಗಾರಿನ ಮೋಡ ಕವಿಯುವ ಹೊತ್ತಿಗೆ ಮರಗಸಿ ಮಾಡಿದರೆ ಹೊಸ ಎಲೆ ಆ ಬೆಳಕಿಗೇ ಬಲಿಯುತ್ತದೆ. ಮಳೆಗಾಲದಲ್ಲಿ ಇರುವುದೇ ಮಂದ ಬೆಳಕು; ದಟ್ಟ ನೆರಳು ಉಳಿಸಿದರೆ ಎಲೆಗೆ ಹಸಿವು, ಜೊತೆಗೆ ಕೊಳೆರೋಗ.

ಯಾವ ಕೊಂಬೆ ಉಳಿಸಬೇಕು? ನಮ್ಮ ಅಕ್ಷಾಂಶ ಸುಮಾರು 13.3 ಡಿಗ್ರಿ. ಆಗಸ್ಟ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ನಡುಹಗಲ ಸೂರ್ಯ ದಕ್ಷಿಣಕ್ಕೇ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ 30 ಅಡಿ ಮರದ ನಡುಹಗಲ ನೆರಳು ಉತ್ತರಕ್ಕೆ 22 ಅಡಿ ಚಾಚುತ್ತದೆ. ಅಂದರೆ ಗಿಡವನ್ನು ಕಾಯುವುದು ಅದರ ದಕ್ಷಿಣ, ನೈಋತ್ಯಕ್ಕಿರುವ ಮರ. ಅಲ್ಲಿ ಕೈ ಬಿಗಿಹಿಡಿಯಿರಿ. ಅರೇಬಿಕಾ ತೋಟದಲ್ಲಿ ಇನ್ನೊಂದು ಕಾರಣವೂ ಉಂಟು: ಬಿಳಿ ಕಾಂಡಕೊರಕ ಎಂಬ ಕೀಟಕ್ಕೆ ಬಿಸಿಲು ಬಿದ್ದ ಕಾಂಡವೇ ಇಷ್ಟ.

ಅಳೆಯಲು ಫೋನಿನ ಲಕ್ಸ್ ಆ್ಯಪ್ ಸಾಕು. ಅದರ ಅಂಕಿ ನಂಬಬೇಡಿ, ಅನುಪಾತ ನೋಡಿ. ಮೋಡವಿಲ್ಲದ ಮಧ್ಯಾಹ್ನ ಮೊದಲು ಬಯಲಲ್ಲಿ, ಆಮೇಲೆ ಗಿಡದ ನೆತ್ತಿಯ ಎತ್ತರದಲ್ಲಿ ಹತ್ತು ಕಡೆ ಫೋನ್ ಮಟ್ಟಸವಾಗಿ ಹಿಡಿದು ಸರಾಸರಿ ತೆಗೆಯಿರಿ. ಮೂರನೇ ಒಂದು ಭಾಗದ ಆಸುಪಾಸು ಬಂದರೆ ಅರೇಬಿಕಾ ಮೇಲಿನ ಮರಕ್ಕೆ ಕತ್ತಿ ಹಚ್ಚುವ ಅಗತ್ಯವಿಲ್ಲ. ರೊಬಸ್ಟಾ ಕಾಫಿಗೆ ಇನ್ನಷ್ಟು ಬೆಳಕು ಬಿಡಬಹುದು.