ರಂಗೋಲಿಯ ಮೇಲೆ ಗೇರ್ ಎಣ್ಣೆ

ಬೆಳಿಗ್ಗೆ ಅಮ್ಮ ಹಾಕಿದ ರಂಗೋಲಿಯ ಮೇಲೆ ಸಂಜೆಗೆ ರೂಪಾಯಿಯಗಲದ ಕಪ್ಪು ಕಲೆ. ಮರುದಿನ ಎರಡು. ಮೂರನೆಯ ದಿನ ಅಮ್ಮ ರಂಗೋಲಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, "ನಿನ್ನ ಆಮೆಯ ಕೆಳಗೆ ನೀನೇ ಹಾಕಿಕೊ" ಎಂದರು. ಆಮೆ ಎಂದರೆ ಸೋದರಮಾವ ನನಗೆ ಬಿಟ್ಟುಹೋದ 1965ರ ಫೋಕ್ಸ್‌ವ್ಯಾಗನ್ ಬೀಟಲ್.

ಬೆರಳಿಗೆ ತಗುಲಿಸಿಕೊಂಡು ಮೂಸಿದೆ. ಗಂಧಕದ ನಾತ. ಅಲ್ಲಿಗೆ ಎಂಜಿನ್ ಎಣ್ಣೆಯಲ್ಲ, ಗೇರ್ ಎಣ್ಣೆಯೆಂಬುದು ಖಾತ್ರಿಯಾಯಿತು. ಚಕ್ರದ ಒಳಮೈ ಒಣಗಿಯೇ ಇತ್ತು, ಆದ್ದರಿಂದ ಚಕ್ರದ ನಡುವಿನ ಹಬ್‌ನಲ್ಲಿ ಎಣ್ಣೆ ತಡೆಯುವ ಸೀಲ್ ನಿರಪರಾಧಿ. ಟಾರ್ಚ್ ಹಿಡಿದು ಅಂಗಾತ ಮಲಗಿ ನೋಡಿದೆ: ಎಡಗಡೆಯ ಬೂಟ್, ಅಂದರೆ ಚಕ್ರದ ಅಚ್ಚಿನ (ಆಕ್ಸಲ್) ಬುಡಕ್ಕೆ ತೊಡಿಸುವ ರಬ್ಬರ್ ಗವಸು, ಹೊಲಿಗೆಯ ಸಾಲಿನಲ್ಲೇ ಬಾಯಿ ಬಿಟ್ಟಿತ್ತು.

ಈಗಿನ ಕಾರುಗಳ ಆಕ್ಸಲ್ ಬೂಟಿನೊಳಗೆ ಇರುವುದು ಗ್ರೀಸ್. ಹರಿದು, ಗ್ರೀಸ್ ಹೋಗಿ, ಮಣ್ಣು ಸೇರಿದರೆ ತಿರುವಿನಲ್ಲಿ ಟಕಟಕ ಸದ್ದು ಮಾಡಿಯಾದರೂ ಎಚ್ಚರಿಸುತ್ತದೆ. ಹಳೆಯ ಬೀಟಲ್‌ನದು ಬೇರೆ ಸಂಸಾರ. ಗೇರ್‌ಬಾಕ್ಸಿನ ಎರಡು ಪಕ್ಕಕ್ಕೆ ಎರಡು ಕೊಳವೆ, ಕೊಳವೆಯೊಳಗೆ ಆಕ್ಸಲ್. ಚಕ್ರ ಹಳ್ಳಕ್ಕಿಳಿದು ಎದ್ದಾಗ ಇಡೀ ಕೊಳವೆ ಏತದ ಮರದಂತೆ ಗೇರ್‌ಬಾಕ್ಸಿನ ಬುಡದಲ್ಲಿ ಏರಿಳಿಯುತ್ತದೆ. ಆ ಬುಡಕ್ಕೆ ಹೊದಿಸಿದ್ದೇ ಈ ಮಡಿಕೆ ಮಡಿಕೆಯ ರಬ್ಬರ್. ಅದು ಸೀಳಿದರೆ ಸದ್ದಿಲ್ಲ, ಗದ್ದಲವಿಲ್ಲ. ಗೇರ್‌ಬಾಕ್ಸಿನ ಎಣ್ಣೆಯೇ ತೊಟ್ಟು ತೊಟ್ಟಾಗಿ ಹೊರಗೆ.

ಕಾರ್ಖಾನೆಯಿಂದ ಬಂದ ಬೂಟ್ ಒಂದೇ ತುಂಡು. ಅದನ್ನು ಬದಲಿಸಬೇಕೆಂದರೆ 36 ಮಿ.ಮೀ. ನಟ್ ಬಿಚ್ಚಿ, ಬ್ರೇಕ್ ಡ್ರಮ್ ಎಳೆದು, ಬೇರಿಂಗ್ ತೆಗೆದು, ಕೊಳವೆಯ ತುದಿಯ ಕಬ್ಬಿಣವನ್ನೇ ಕಳಚಬೇಕು. ಅದಕ್ಕೇ ಸೀಳಿಟ್ಟ ಬೂಟ್ ಸಿಗುತ್ತದೆ: ಕೊಳವೆಗೆ ಸುತ್ತಿ, ಅಂಚಿನ ಪುಟ್ಟ ಸ್ಕ್ರೂಗಳನ್ನು ಬಿಗಿದರೆ ಮುಗಿಯಿತು. ಮುಗಿಯಿತೆಂದೇ ಕಳೆದ ವರ್ಷ ನಾನೂ ನಂಬಿದ್ದೆ. ಸ್ಕ್ರೂಡ್ರೈವರ್ ಹಾಕಲು ಅನುಕೂಲವೆಂದು ಹೊಲಿಗೆಯನ್ನು ಕೆಳಕ್ಕೆ ತಿರುಗಿಸಿದ್ದೆ. ಜಾಕಿನ ಮೇಲೆ ಚಕ್ರ ಜೋತಾಡುತ್ತಿದ್ದಾಗಲೇ ಕ್ಲಿಪ್ಪನ್ನೂ ಬಿಗಿದಿದ್ದೆ. ಎರಡೂ ತಪ್ಪು. ಕೊಳವೆ ಏರಿಳಿಯುವಾಗ ಹೆಚ್ಚು ಹಿಗ್ಗಿ ಕುಗ್ಗುವುದು ಬೂಟಿನ ಮೇಲ್ಭಾಗ ಮತ್ತು ಕೆಳಭಾಗ. ಹೊಲಿಗೆ ನೆಲಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಮುಖ ಮಾಡಿರಬೇಕು. ಅಲ್ಲಿ ಎಳೆತ ಕಡಿಮೆ.

ಈ ಭಾನುವಾರ ಮತ್ತೆ ಕುಳಿತೆ. ಎಣ್ಣೆ ಇಳಿಸುವ ಮೊದಲು ಎಣ್ಣೆ ತುಂಬುವ ಬಿರಡೆಯನ್ನು ಬಿಚ್ಚಿ ನೋಡಬೇಕು. ಇಳಿಸಿದ ಮೇಲೆ ಅದು ಬಿಚ್ಚದಿದ್ದರೆ ಕಾರು ಅಂಗಳದ ಅಲಂಕಾರಕ್ಕಷ್ಟೇ. ಅದಕ್ಕೆ ಬಿರಡೆಯ ಆರು ಮೂಲೆಯ ಗುಳಿಗೆ ಕೂರುವ 17 ಮಿ.ಮೀ. ಅಲೆನ್ ಕೀ ಬೇಕು. ನಾನು ಹೋದ ಮೂರು ಹಾರ್ಡ್‌ವೇರ್ ಅಂಗಡಿಗಳಲ್ಲೂ ಇರಲಿಲ್ಲ. ಗ್ಯಾರೇಜಿನ ಹಿರಿಯರೊಬ್ಬರು ನಕ್ಕು, "ಸಾರ್, 17ರ ತಲೆಯ ಬೋಲ್ಟ್ ಮನೆಯಲ್ಲಿಲ್ಲವೇ?" ಎಂದರು. ಬೋಲ್ಟಿನ ತಲೆಯನ್ನು ಬಿರಡೆಯ ಗುಳಿಗೆ ತೂರಿಸಿ, ಬೋಲ್ಟಿಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಸ್ಪ್ಯಾನರ್‌ನಿಂದ ತಿರುಗಿಸಿದೆ. ಕಿರ್ರೆಂದು ಬಿಚ್ಚಿಕೊಂಡಿತು. ಆ ಕ್ಷಣದ ಸುಖವನ್ನು ಮನೆಯಲ್ಲಿ ಯಾರಿಗೂ ವಿವರಿಸಲಾಗಲಿಲ್ಲ.

ಹಳೆಯ ಬೂಟನ್ನು ಬ್ಲೇಡಿನಿಂದ ಕೊಯ್ದು ಎಸೆದು, ಅದು ಕೂರುವ ಜಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿದೆ. ಜಿಡ್ಡಿದ್ದರೆ ರಬ್ಬರ್ ಜಾರುತ್ತದೆ. ಹೊಸ ಬೂಟಿನ ಸ್ಕ್ರೂಗಳನ್ನು ರಬ್ಬರ್ ಉಬ್ಬಿ ಹೊರಬರದಷ್ಟೇ ಬಿಗಿದೆ. ಅತಿಯಾಗಿ ಬಿಗಿದರೆ ಅಂಚು ಅಲ್ಲೇ ಹರಿಯುತ್ತದೆ. ಕ್ಲಿಪ್ಪುಗಳನ್ನು ಸಡಿಲವಾಗಿಟ್ಟು, ಕಾರನ್ನು ಕೆಳಗಿಳಿಸಿ, ಅತ್ತಿತ್ತ ತಳ್ಳಿ, ಚಕ್ರ ತನ್ನ ಸಹಜ ನಿಲುವಿಗೆ ಬಂದ ಮೇಲೆ ಬಿಗಿದೆ. ನೆಲಕ್ಕೂ ಕಾರಿಗೂ ನಡುವೆ ನನ್ನ ಹೊಟ್ಟೆಗೆ ಜಾಗ ಸಾಲದೆ ಈ ಒಂದು ಕೆಲಸಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.

ಎಣ್ಣೆ ಎರಡೂವರೆ ಲೀಟರ್, 90ರ ದಪ್ಪದ್ದು, ಜಿಎಲ್-4 ಎಂಬ ದರ್ಜೆಯದು. ಅಂಗಡಿಯವರು ಜಿಎಲ್-5 ಕೊಟ್ಟು "ಇದೇ ಒಳ್ಳೆಯದು" ಎನ್ನುತ್ತಾರೆ. ಈ ಹಳೆಯ ಗೇರ್‌ಬಾಕ್ಸಿಗೆ ನಾನು ಅದನ್ನು ಹಾಕುವುದಿಲ್ಲ.

ಆರು ದಿನವಾಯಿತು, ಕಾರಿನ ಕೆಳಗೆ ಹಾಸಿದ ರಟ್ಟು ಒಣಗಿದೆ. ಬಲಗಡೆ ಇರುವುದು ಇನ್ನೂ ಒಂದೇ ತುಂಡಿನ ಹಳೆಯ ಬೂಟ್. ಮಡಿಕೆಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಎಣ್ಣೆ ಬಂದಿಲ್ಲ. ಅದರ ಪಾಲಿನ ಹೊಸ ಬೂಟ್ ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿದೆ. ಅಮ್ಮ ಇನ್ನೂ ನೋಡಿಲ್ಲ.