ಫೈನಲ್ ನೋಡೋಕೆ ಬೆಂಗಳೂರಿಗೆ

ಶಿವಮೊಗ್ಗದಿಂದ ಬೆಳಗಿನ ಜಾವ ಹೊರಡುವ ಜನಶತಾಬ್ದಿಯಲ್ಲಿ ಪಕ್ಕದ ಸೀಟಿನವರು ಮಾತಿಗೆ ಶುರು ಮಾಡಿದರು. ಬೆಂಗಳೂರಲ್ಲಿ ಏನು ಕೆಲಸ ಅಂತ ಕೇಳಿದರು. ಮ್ಯಾಚ್ ನೋಡೋಕೆ ಅಂದೆ. "ಚಿನ್ನಸ್ವಾಮಿಯಲ್ಲಾ? ಯಾರ್ ಯಾರಿಗೆ?" ಅಂದರು. ಅಲ್ಲ, ಕಂಠೀರವದಲ್ಲಿ, ಫುಟ್‌ಬಾಲು ಅಂದೆ. "ಓಹೋ" ಅಂತ ಹೇಳಿ ಪೇಪರ್ ಬಿಡಿಸಿಕೊಂಡರು. ತರೀಕೆರೆವರೆಗೂ ಮತ್ತೆ ಮಾತಿಲ್ಲ.

2023ರ ಜುಲೈ 4, ಮಂಗಳವಾರ. ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್, ಭಾರತ–ಕುವೈತ್. ದಕ್ಷಿಣ ಏಷ್ಯಾದ ಕಪ್‌ಗೆ ಕುವೈತ್ ಯಾಕೆ ಬಂತು ಅಂತ ನೀವು ಕೇಳಬಹುದು. ಶ್ರೀಲಂಕಾವನ್ನು ಫೀಫಾ ಅಮಾನತು ಮಾಡಿತ್ತು. ಅಫ್ಘಾನಿಸ್ತಾನ ಈ ಗುಂಪು ಬಿಟ್ಟು ವರ್ಷಗಳೇ ಆಗಿದ್ದವು. ಹಾಗಾಗಿ ಕುವೈತ್ ಮತ್ತು ಲೆಬನಾನ್ ಅತಿಥಿಗಳಾಗಿ ಬಂದಿದ್ದವು. ಬಂದಿದ್ದೇ ಒಳ್ಳೆಯದಾಯಿತು. ಅವರಿಲ್ಲದಿದ್ದರೆ ಈ ಟೂರ್ನಿ ನಮಗೆ ತೀರಾ ಸಲೀಸಾಗುತ್ತಿತ್ತು.

ಆ ವರ್ಷ ನಮ್ಮ ತಂಡದ ಮೇಲೆ ನನಗೆ ಆಸೆ ಜಾಸ್ತಿಯಾಗಿತ್ತು. ಮಾರ್ಚ್‌ನಲ್ಲಿ ಇಂಫಾಲದಲ್ಲಿ ಮ್ಯಾನ್ಮಾರ್ ಮೇಲೆ 1-0, ಕಿರ್ಗಿಸ್ತಾನದ ಮೇಲೆ 2-0. ಜೂನ್‌ನಲ್ಲಿ ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್ ಫೈನಲ್‌ನಲ್ಲಿ ಲೆಬನಾನ್ ಮೇಲೆ 2-0. ಮೂರೇ ದಿನ ಬಿಟ್ಟು ಬೆಂಗಳೂರಿನಲ್ಲಿ ಪಾಕಿಸ್ತಾನದ ಮೇಲೆ 4-0, ಸುನಿಲ್ ಚೆಟ್ರಿ ಹ್ಯಾಟ್ರಿಕ್. ಪಾಪ, ವೀಸಾ ತಡವಾಗಿ ಪಾಕಿಸ್ತಾನದ ಆಟಗಾರರು ಬೆಂಗಳೂರಿಗೆ ಬಂದಿಳಿದದ್ದೇ ಮ್ಯಾಚ್ ದಿನ. ಆ ಗೆಲುವನ್ನು ನಾನು ಅಷ್ಟೇನೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಲೆಕ್ಕಕ್ಕೆ ಇಟ್ಟುಕೊಂಡದ್ದು ಬೇರೆ: ವರ್ಷದ ಮೊದಲ ಎಂಟು ಪಂದ್ಯಗಳಲ್ಲಿ ನಮ್ಮ ಗೋಲಿನೊಳಗೆ ಒಂದೂ ಚೆಂಡು ಹೋಗಿರಲಿಲ್ಲ. ಕೊನೆಗೆ ಹೋದಾಗಲೂ ಹಾಕಿದ್ದು ನಮ್ಮವನೇ. ಗುಂಪಿನ ಪಂದ್ಯದಲ್ಲಿ ಇದೇ ಕುವೈತ್ ಎದುರು ಇಂಜುರಿ ಟೈಮ್‌ನಲ್ಲಿ ಅನ್ವರ್ ಅಲಿ ಕಾಲಿಗೆ ತಗುಲಿ ಸ್ವಂತ ಗೋಲಾಯಿತು, 1-1.

ಮೆಜೆಸ್ಟಿಕ್‌ನಲ್ಲಿ ಅಕ್ಕನ ಮಗ ಕಾಯುತ್ತಿದ್ದ. ಆಫೀಸಿಗೆ ರಜೆ ಹಾಕಿದ್ದ. ಕಾರಣ ಏನು ಹೇಳಿದೆಯೋ ಅಂದರೆ "ಮಾಮ ಊರಿಂದ ಬಂದಿದಾರೆ ಅಂದೆ, ಸುಳ್ಳೇನಲ್ವಲ್ಲ" ಅಂದ. ಮ್ಯಾಚ್ ಇದ್ದದ್ದು ರಾತ್ರಿ 7:30ಕ್ಕೆ. ಅಲ್ಲಿವರೆಗೆ ಎಲ್ಲಿಗಾದರೂ ಕರ್ಕೊಂಡು ಹೋಗೋ ಅಂದೆ. ಲಾಲ್‌ಬಾಗ್ ಅನ್ನುತ್ತಾನೆ ಅಂದುಕೊಂಡಿದ್ದೆ. ಹಲಸೂರಿಗೆ ಹೋಗೋಣ ಅಂದ.

ಹಲಸೂರು ಮೆಟ್ರೋದಲ್ಲಿ ಇಳಿದು, ದಾರಿ ಕೇಳುತ್ತಾ ಗೌತಮಪುರ ಸೇರಿದೆವು. ಸಣ್ಣ ಸಣ್ಣ ಮನೆಗಳು, ಬಾಗಿಲಲ್ಲೇ ನಿಲ್ಲಿಸಿದ ಸ್ಕೂಟರುಗಳು, ಜಾಸ್ತಿ ಕಿವಿಗೆ ಬೀಳುವುದು ತಮಿಳು. ಇಲ್ಲಿ ಪೆಲೆಯ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಜೊತೆಗೆ ಪೆಲೆ! ಇದನ್ನು ಜನ ಮಿನಿ ಬ್ರೆಜಿಲ್ ಅಂತ ಕರೆಯುತ್ತಾರೆ. ಬ್ರೆಜಿಲ್ ಆಡುವ ವಿಶ್ವಕಪ್ ಬಂದರೆ ಬೀದಿಗೆ ಬೀದಿಯೇ ಹಳದಿ–ಹಸಿರು. ಅಲ್ಲಿದ್ದ ಹಿರಿಯರೊಬ್ಬರು ನಾವು ಫೋಟೋ ತೆಗೆಯುವುದನ್ನು ನೋಡಿ ಹತ್ತಿರ ಬಂದರು. ಸಂಜೆ ಫೈನಲ್‌ಗೆ ಬರ್ತೀರಾ ಸರ್ ಅಂದೆ. "ಟೀವೀಲಿ ನೋಡ್ತೀನಿ. ಅಲ್ಲಿ ಓಟದ ಟ್ರ್ಯಾಕ್ ಮಧ್ಯ ಬರುತ್ತೆ, ಬಾಲ್ ಎಲ್ಲೋ ದೂರದಲ್ಲಿರುತ್ತೆ. ನನ್ನ ಕಣ್ಣಿಗೆ ಆಗಲ್ಲ" ಅಂದರು.

ಬೆಂಗಳೂರು ಅಂದರೆ ಕ್ರಿಕೆಟ್ ಅನ್ನುವವರಿಗೆ ಈ ದಂಡು ಪ್ರದೇಶದ ಕಥೆ ಗೊತ್ತಿರುವುದಿಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಸಾರಂಗಪಾಣಿ ರಾಮನ್ ಇದ್ದರು. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಎದುರು 1-2ರಲ್ಲಿ ಸೋತರೂ ನಮ್ಮ ಆ ಒಂದು ಗೋಲು ರಾಮನ್ ಅವರದ್ದು. ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿ ಕೈಚೆಲ್ಲಿತ್ತು. ಇನ್ನು 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು, ಅದೂ ರಿಯಾದ್‌ನಲ್ಲಿ. ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು ಹೇಳಿ.

ಊಟ ಮುಗಿಸಿ ಕಬ್ಬನ್ ಪಾರ್ಕ್ ಮೆಟ್ರೋಗೆ ಬಂದು ಕಸ್ತೂರ್ಬಾ ರಸ್ತೆಯಲ್ಲಿ ನಡೆದೆವು. ವಿಶ್ವೇಶ್ವರಯ್ಯ ಮ್ಯೂಸಿಯಂ ದಾಟುವ ಹೊತ್ತಿಗೆ ನೀಲಿ ಜರ್ಸಿ, ಬಾವುಟ ಮಾರುವವರು ಶುರುವಾದರು. ಕೆನ್ನೆಗೆ ಮೂರು ಬಣ್ಣ ಬಳಿಯುವವನು ನನ್ನ ಬಿಳಿ ಗಡ್ಡ ನೋಡಿ ಸುಮ್ನೆ ಮುಂದೆ ಹೋದ.

ಸ್ಟೇಡಿಯಂ ಮಗ್ಗುಲಲ್ಲಿ ಬೇಲಿಯೊಳಗೆ ಒಂದು ಸಣ್ಣ ಕೊಳ ಇದೆ. ಸಂಪಂಗಿ ಕೆರೆಯಲ್ಲಿ ಉಳಿದದ್ದು ಇಷ್ಟೇ. ಉಳಿದ ಅಂಗಳದ ಮೇಲೆ ಕಂಠೀರವ ಕ್ರೀಡಾಂಗಣ ಕೂತಿದೆ. ಕರಗದ ಸಮಯದಲ್ಲಿ ಈಗಲೂ ಇಲ್ಲಿಗೆ ಬಂದು ಪೂಜೆ ಮಾಡುತ್ತಾರೆ. ಕೆರೆಗೆ ಕೆರೆಯನ್ನೇ ನುಂಗಿ ಅದರ ಮೇಲೆ ಕಂಠೀರವ ಅಂತ ಹೆಸರು ಇಟ್ಟರಲ್ಲ ಅಂತ ಬೇಜಾರಾಗುತ್ತದೆ. ಹಾಗಂತ ಗೇಟಿನಲ್ಲಿ ಕ್ಯೂ ಕರಗುತ್ತಿದ್ದಂತೆ ನಾನೂ ಎಲ್ಲರ ಜೊತೆ ನುಗ್ಗಿದೆ.

ಒಳಗೆ 26 ಸಾವಿರಕ್ಕೂ ಹೆಚ್ಚು ಜನ. ಹಲಸೂರಿನ ಹಿರಿಯರು ಹೇಳಿದ್ದು ನಿಜ, ಟ್ರ್ಯಾಕ್ ಆಚೆ ಆಟಗಾರರು ಗೇಣುದ್ದ ಕಾಣುತ್ತಾರೆ. ಆದರೆ ಸದ್ದಿಗೆ ಟ್ರ್ಯಾಕ್ ಅಡ್ಡ ಬರುವುದಿಲ್ಲ. 14ನೇ ನಿಮಿಷಕ್ಕೆ ಶಬೀಬ್ ಅಲ್ ಖಾಲ್ದಿ ಗೋಲು ಹೊಡೆದ. ಒಂದು ಕ್ಷಣ ಸಪ್ಪಗಾದ ಜನ ಮತ್ತೆ ಕೂಗತೊಡಗಿದರು. 40ನೇ ನಿಮಿಷ ಆಗುವ ಮೊದಲೇ ಚೆಟ್ರಿಯಿಂದ ಸಹಲ್, ಸಹಲ್‌ನಿಂದ ಛಾಂಗ್ಟೆ, 1-1. ನನ್ನ ಮುಂದಿದ್ದವನ ಚುರುಮುರಿ ಪೂರ್ತಿ ನನ್ನ ಮಡಿಲಿಗೆ ಬಿತ್ತು. ಅವನೂ ಕ್ಷಮೆ ಕೇಳಲಿಲ್ಲ, ನಾನೂ ಬಯ್ಯಲಿಲ್ಲ.

ಕೋಚ್ ಇಗೊರ್ ಸ್ಟಿಮ್ಯಾಕ್ ಬೆಂಚಿನಲ್ಲಿ ಇರಲಿಲ್ಲ. ಅದೇ ಟೂರ್ನಿಯಲ್ಲಿ ಎರಡು ಸಲ ಕೆಂಪು ಕಾರ್ಡ್ ತಿಂದಿದ್ದರು. ಜಾಗದಲ್ಲಿ ಸಹಾಯಕ ಕೋಚ್ ಮಹೇಶ್ ಗಾವ್ಲಿ. ಎರಡನೇ ಅರ್ಧ, ಆಮೇಲಿನ ಹೆಚ್ಚುವರಿ ಅರ್ಧ ಗಂಟೆ, ಹೇಳಿಕೊಳ್ಳುವಂಥದ್ದೇನಿಲ್ಲ. ಎರಡೂ ಕಡೆ ಕಾಲು ಸೋತಿದ್ದವು.

ಪೆನಾಲ್ಟಿ. ಕುವೈತ್‌ನ ಮೊದಲ ಹೊಡೆತವೇ ಅಡ್ಡಕಂಬಕ್ಕೆ ಬಡಿಯಿತು. ನಮ್ಮ ನಾಲ್ಕನೆಯವನು ಉದಾಂತ ಸಿಂಗ್ ಗುರಿ ತಪ್ಪಿದ. ಐದೈದು ಮುಗಿದಾಗ 4-4. ಅಕ್ಕನ ಮಗ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದ. "ಮಾಮ, ನೀನು ನೋಡಿ ಹೇಳು, ನನಗೆ ಆಗಲ್ಲ." ನವೊರೆಮ್ ಮಹೇಶ್ ಸಿಂಗ್ ಹಾಕಿದ. ಆಮೇಲೆ ಕುವೈತ್ ನಾಯಕ ಖಾಲಿದ್ ಹಾಜಿಯಾ ಓಡಿ ಬಂದ. ಗುರ್‌ಪ್ರೀತ್ ಸಿಂಗ್ ಸಂಧು ತನ್ನ ಎಡಕ್ಕೆ ಹಾರಿದ, ಚೆಂಡು ಕೈಗೆ ಬಡಿದು ಹೊರಗೆ. ಇದೇ ಮೈದಾನದಲ್ಲಿ ಆಡುವ ಬೆಂಗಳೂರು ಎಫ್‌ಸಿ ಕ್ಲಬ್ಬಿನ ಗೋಲ್‌ಕೀಪರ್ ಅವನು, ಈ ಗೋಲು ಅವನ ಮನೆ ಬಾಗಿಲಿದ್ದ ಹಾಗೆ. "ಏನಾಯ್ತು, ಏನಾಯ್ತು" ಅಂತ ಹುಡುಗ ಕೇಳುತ್ತಲೇ ಇದ್ದ. ಆ ಗಲಾಟೆಯಲ್ಲಿ ಹೇಳುವುದಾದರೂ ಹೇಗೆ? ಭುಜ ಹಿಡಿದು ತಿರುಗಿಸಿದೆ.

ಭಾರತಕ್ಕೆ 9ನೇ ಸ್ಯಾಫ್ ಕಪ್. ಐದು ಗೋಲಿನ ಚೆಟ್ರಿಗೆ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ. ಪದಕ ಕೊಡುವಾಗ ಜೀಕ್ಸನ್ ಸಿಂಗ್ ಏಳು ಬಣ್ಣದ ಬಾವುಟ ಹೊದ್ದು ನಿಂತಿದ್ದ. ನಮ್ಮ ಸಾಲಿನಲ್ಲಿ ಯಾರಿಗೂ ಅದೇನೆಂದು ತಿಳಿಯಲಿಲ್ಲ. ಅದು ಮಣಿಪುರದ ಮೈತೇಯಿ ಜನರ ಬಾವುಟ ಅಂತ ಫೋನಿನಲ್ಲಿ ಓದಿದ್ದು ಆಮೇಲೆ. ಮಾರ್ಚ್‌ನಲ್ಲಿ ಇದೇ ತಂಡವನ್ನು ಕುಣಿದು ಸ್ವಾಗತಿಸಿದ್ದ ಇಂಫಾಲ ಮೇ ತಿಂಗಳಿಂದ ಹೊತ್ತಿ ಉರಿಯುತ್ತಿತ್ತು. ಗೆಲುವಿನ ಪೆನಾಲ್ಟಿ ಹಾಕಿದ ಮಹೇಶ್, ಗುರಿ ತಪ್ಪಿದ ಉದಾಂತ, ಇಬ್ಬರೂ ಮಣಿಪುರದವರೇ. ಜೀಕ್ಸನ್ ಮಾಡಿದ್ದು ಸರಿಯೋ ತಪ್ಪೋ ಅಂತ ಮುಂದೆ ವಾದ ನಡೆಯಿತು. ಮನೆ ಕಡೆ ಹಾಗಾಗಿರುವಾಗ ಆ ಹುಡುಗರು ಚೆಂಡಿನ ಮೇಲೆ ಕಣ್ಣಿಟ್ಟು ಆಡಿದ್ದೇ ನನಗೆ ದೊಡ್ಡದಾಗಿ ಕಂಡಿತು.

ಅದೇ ತಿಂಗಳು ಫೀಫಾ ರ‍್ಯಾಂಕಿಂಗ್‌ನಲ್ಲಿ ಭಾರತ 99ಕ್ಕೆ ಏರಿತು. ಅಲ್ಲಿಂದಾಚೆ ಇಳಿಜಾರು. ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ ಇರಾಕ್ ಎದುರು 2-2, ಈ ಸಲ ಪೆನಾಲ್ಟಿ ಕೈಕೊಟ್ಟಿತು. ನಾವು ಎರಡು ಸಲ ಹೊರಗೆ ಹಾಕಿದ್ದ ಲೆಬನಾನ್ ಅಲ್ಲಿ 1-0ರಿಂದ ಸೇಡು ತೀರಿಸಿಕೊಂಡಿತು. ಮಲೇಷ್ಯಾದಲ್ಲಿ 2-4. ನವೆಂಬರ್‌ನಲ್ಲಿ ಕುವೈತಿಗೇ ಹೋಗಿ ಮನ್ವೀರ್ ಸಿಂಗ್ ಗೋಲಿನಿಂದ ಗೆದ್ದದ್ದೊಂದೇ ಹೊರಗಿನ ಗೆಲುವು. ವಿಶ್ವಕಪ್ ಅರ್ಹತಾ ಪಂದ್ಯ ಅದು, ಹಾಗಾಗಿ ನನ್ನ ಪ್ರಕಾರ ಆ ವರ್ಷದ ನಿಜವಾದ ಗೆಲುವು ಅದೇ, ಕಪ್‌ಗಳಲ್ಲ. ಐದು ದಿನಕ್ಕೆ ಭುವನೇಶ್ವರದಲ್ಲಿ ಕತಾರ್ 3-0ರಿಂದ ನೆಲಕ್ಕೆ ಇಳಿಸಿತು. ಜನವರಿಯ ಏಷ್ಯನ್ ಕಪ್‌ನಲ್ಲಂತೂ ಮೂರು ಪಂದ್ಯ, ಮೂರು ಸೋಲು, ಸೊನ್ನೆ ಗೋಲು. ಊರಲ್ಲಿ ಹುಲಿ, ಹೊರಗೆ ಇಲಿ ಅನ್ನೋದು ಸುಮ್ನೆ ಅಲ್ಲ.

ಈ ಮಾತು ಹೇಳಿದರೆ ಅಕ್ಕನ ಮಗನಿಗೆ ಆಗುವುದಿಲ್ಲ. ಕಂಠೀರವದಲ್ಲಿ ಕುಣಿದೋನು ನೀನೇ ಅಲ್ವಾ ಅಂತ ಜಗಳಕ್ಕೆ ಬರುತ್ತಾನೆ. 2024ರ ಜೂನ್ 6ರಂದು ಚೆಟ್ರಿ ನಿವೃತ್ತಿ ಅಂತ ಹೇಳಿ ವಿದಾಯದ ಪಂದ್ಯ ಆಡಿದ್ದು (2025ರಲ್ಲಿ ಮತ್ತೆ ತಂಡಕ್ಕೆ ಬಂದ, ಆ ಮಾತು ಬೇರೆ) ಕೋಲ್ಕತ್ತದಲ್ಲಿ, ಎದುರಾಳಿ ಮತ್ತೆ ಕುವೈತ್, 0-0. ಬೆಂಗಳೂರಲ್ಲಿ ಇಟ್ಟಿದ್ದರೆ ನಾವು ಕೂಗಿಯೇ ಒಂದು ಗೋಲು ಹಾಕಿಸುತ್ತಿದ್ದೆವು ಅಂತ ಅವನ ವಾದ. ಅದಕ್ಕೆ ಮಾತ್ರ ನಾನು ಎದುರಾಡುವುದಿಲ್ಲ.